ಕೂಗುವ ಡಿಫರೆನ್ಶಿಯಲ್: ಕ್ರೌನ್-ಪಿನಿಯನ್ ಬದಲಿಸುವುದೆಂದರೆ ಅಳತೆ ಕೂಡಿಸುವುದು

ಪ್ರಶ್ನೆ: ಪೆರ್ಲದ ಹತ್ತಿರ, ತೋಟದ ತಗ್ಗಿನಲ್ಲಿ ನಮ್ಮ ಮನೆ. ಹಳೆಯ ಮಾಜ್ದಾ ರೋಡ್‌ಸ್ಟರ್ ಕಾರಿದೆ. 1.8 ಲೀಟರ್ ಎಂಜಿನ್, 5 ಗೇರ್, 4.1ರ ಡಿಫರೆನ್ಶಿಯಲ್ (ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ), ಎಲ್‌ಎಸ್‌ಡಿ (ಒಂದೇ ಚಕ್ರ ಜಾರಿ ಸುತ್ತುವುದನ್ನು ತಡೆಯುವ ಏರ್ಪಾಡು) ಇಲ್ಲ. ಕಳೆದ ಮಳೆಗಾಲದ ನಂತರ, 60 ದಾಟಿ ಆಕ್ಸಿಲರೇಟರ್ ಒತ್ತಿದರೆ ಹಿಂದಿನಿಂದ ಕೂಗು ಕೇಳುತ್ತದೆ. ಕಾಲು ತೆಗೆದರೆ ಸ್ವರ ಬದಲಾಗುತ್ತದೆ, ನಿಲ್ಲುವುದಿಲ್ಲ. ಕ್ಲಚ್ ಬಿಡುವಾಗ ‘ಟಕ್’ ಎನ್ನುತ್ತದೆ. ಆಯಿಲ್ ಇಳಿಸಿದಾಗ ಹೊಳೆಯುವ ಚೂರುಗಳು ಸಿಕ್ಕಿದವು. ಪರಿಚಯದ ಮೆಕ್ಯಾನಿಕ್ ಜೀಪಿನ ಡಿಫರೆನ್ಶಿಯಲ್ ಕೆಲಸದಲ್ಲಿ ಪಳಗಿದವರು. ಪಿನಿಯನ್ ಮಾತ್ರ ಬದಲಿಸಿದರೆ ಸಾಕೆ? ಬಿಚ್ಚುವುದು ಹೇಗೂ ಬಿಚ್ಚುತ್ತೇವೆ, 4.3 ಹಾಕಿಬಿಡಬಹುದೆ? ಏನೇನು ತರಿಸಿ ಇಟ್ಟುಕೊಳ್ಳಬೇಕು?

ಉತ್ತರ: ಪಿನಿಯನ್ ಮಾತ್ರ ಬದಲಿಸುವ ಯೋಚನೆಯನ್ನು ಮೊದಲು ಬಿಟ್ಟುಬಿಡಿ. ಡಿಫರೆನ್ಶಿಯಲ್ ಒಳಗಿನ ದೊಡ್ಡ ಗೇರ್ ಕ್ರೌನ್, ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್; ಇವು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ. ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಕೆತ್ತಿರುತ್ತಾರೆ. ಹಳೆಯ ಕ್ರೌನಿಗೆ ಹೊಸ ಪಿನಿಯನ್ ಕೂಡಿಸಿದರೆ ಎಷ್ಟು ಚೆನ್ನಾಗಿ ಅಳತೆ ಹಿಡಿದರೂ ಕೂಗು ನಿಲ್ಲುವುದಿಲ್ಲ, ಹಲ್ಲಿನ ಮೇಲ್ಮೈ ಬೇಗ ಎದ್ದುಹೋಗುತ್ತದೆ. ಜೋಡಿಯನ್ನೇ ತರಿಸಬೇಕು.

ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಒಳ್ಳೆಯ ಆಯಿಲ್‌ನಲ್ಲಿ, ಗಟ್ಟಿ ಬೇರಿಂಗ್ ಮೇಲೆ ಓಡುವ ಕ್ರೌನ್-ಪಿನಿಯನ್ ಕಾರಿನ ಆಯುಸ್ಸಿನುದ್ದಕ್ಕೂ ಬಾಳುತ್ತದೆ. ಸವೆದಿದೆ ಎಂದರೆ ಅದನ್ನು ಕೆಡಿಸಿದ್ದು ಬೇರೆ ಏನೋ ಇದೆ, ಅದನ್ನು ಹುಡುಕದೆ ಹೊಸ ಜೋಡಿ ಹಾಕಿದರೆ ಅದೇ ಕಥೆ ಮತ್ತೆ. ನೀವು ಹೇಳಿದ ‘ಮಳೆಗಾಲದ ನಂತರ’ ಎಂಬ ಮಾತಿನಲ್ಲೇ ನನಗೆ ಹೆಚ್ಚು ಅನುಮಾನ. ಓಡಿ ಬಿಸಿಯಾದ ಡಿಫರೆನ್ಶಿಯಲ್ ನಿಂತ ನೀರಿಗೆ ಇಳಿದಾಗ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ. ಆಗ ಬ್ರೀದರ್ (ಒಳಗಿನ ಗಾಳಿ ಆಡುವ ತೂತು) ಮೂಲಕವೋ ಹಳೆಯ ಆಯಿಲ್ ಸೀಲಿನ ತುಟಿಯ ಸಂದಿನಿಂದಲೋ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಟಿ ತಿಂಗಳ ಮಳೆಯಲ್ಲಿ ರಸ್ತೆಯ ತಗ್ಗುಗಳಲ್ಲಿ, ತೋಟದ ತೋಡು ದಾಟುವಲ್ಲಿ ಇಷ್ಟು ಆಗಲು ಒಂದೇ ಸಲ ಸಾಕು. ನೀರು ಬೆರೆತ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಕಾರು ನಾಲ್ಕು ದಿನ ನಿಂತಿತೆಂದರೆ ಪಿನಿಯನ್ ಬೇರಿಂಗ್‌ನ ರೋಲರ್ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ, ಚುಕ್ಕೆ ಗುಳಿಯಾಗುತ್ತದೆ, ಬೇರಿಂಗ್‌ನ ಬಿಗಿ ಸಡಿಲುತ್ತದೆ. ಬಿಗಿ ಸಡಿಲಿದ ಪಿನಿಯನ್ ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ ಸರಿಯುತ್ತದೆ. ಎರಡೂ ಸ್ಥಿತಿಯಲ್ಲಿ ಬೇರೆ ಬೇರೆ ಸ್ವರದ ಕೂಗು ಬರುವುದು ಹೀಗೆ. ಹಲ್ಲು ಸವೆಯುವುದು ಈ ಸರಣಿಯ ಕೊನೆಯ ಹಂತ.

ಆದರೂ ಬಿಚ್ಚುವ ಮೊದಲು ಕೂಗು ಅಲ್ಲಿಂದಲೇ ಬರುತ್ತಿದೆ ಎಂದು ಖಚಿತಪಡಿಸಿಕೊಳ್ಳಿ. ಟೈರಿನ ಸದ್ದು ರಸ್ತೆಯ ಮೇಲ್ಮೈ ಬದಲಾದಂತೆ ಬದಲಾಗುತ್ತದೆ: ಹೊಸ ಹೆದ್ದಾರಿಯ ನುಣುಪಿನಲ್ಲಿ ಒಂದು, ಹಳೆಯ ರಸ್ತೆಯ ಒರಟು ಡಾಂಬರಿನಲ್ಲಿ ಇನ್ನೊಂದು. ಚಕ್ರದ ಬೇರಿಂಗ್ ಆದರೆ ಉದ್ದದ ತಿರುವಿನಲ್ಲಿ ಭಾರ ಬಿದ್ದ ಕಡೆ ಸದ್ದು ಏರುತ್ತದೆ. ಡಿಫರೆನ್ಶಿಯಲ್‌ನ ಕೂಗಿಗೆ ಒಂದು ನಿಖರವಾದ ಲೆಕ್ಕವೇ ಇದೆ. 4.1 ಎಂದರೆ ಕ್ರೌನಿಗೆ 41 ಹಲ್ಲು, ಪಿನಿಯನ್‌ಗೆ 10. 185/60 ಆರ್14 ಟೈರಿನ ಸುತ್ತಳತೆ ಸುಮಾರು 1.8 ಮೀಟರ್. 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 9ಕ್ಕಿಂತ ತುಸು ಹೆಚ್ಚು ಸುತ್ತುತ್ತದೆ. 41ರಿಂದ ಗುಣಿಸಿದರೆ 375ರಿಂದ 390 ಹರ್ಟ್ಸ್ ಒಳಗೆ ಬರುತ್ತದೆ. 80ರಲ್ಲಿ ಅದೇ 500ರಿಂದ 520. ಮೊಬೈಲಿನಲ್ಲಿ ಧ್ವನಿಯ ಸ್ಪೆಕ್ಟ್ರಮ್ ತೋರಿಸುವ ಯಾವುದಾದರೂ ಆಪ್ ಹಾಕಿ, ಪಕ್ಕದಲ್ಲಿ ಕೂತವರ ಕೈಗೆ ಕೊಡಿ. ಅದೇ ವೇಗದಲ್ಲಿ ಮೂರನೇ, ನಾಲ್ಕನೇ, ಐದನೇ ಗೇರ್ ಬದಲಿಸಿದರೂ ಆ ಗೆರೆ ಅಲ್ಲೇ ನಿಂತರೆ ಅದು ಕ್ರೌನ್-ಪಿನಿಯನ್‌ದೇ. ಗೇರ್ ಬದಲಿಸಿದಾಗ ಗೆರೆಯೂ ಜಿಗಿದರೆ ಗೇರ್‌ಬಾಕ್ಸ್ ಕಡೆ ನೋಡಬೇಕು.

‘ಟಕ್’ ಎನ್ನುವ ಸದ್ದನ್ನು ಮಾತ್ರ ಬೇರೆಯಾಗಿಯೇ ವಿಚಾರಿಸಿ. ಕ್ರೌನ್-ಪಿನಿಯನ್ ನಡುವಿನ ಪ್ಲೇ (ಹಲ್ಲುಗಳ ನಡುವಿನ ಸಡಿಲು) ಒಂದರಿಂದಲೇ ಅಷ್ಟು ದೊಡ್ಡ ಸದ್ದು ಬರುವುದು ಕಡಿಮೆ. ಗೇರ್‌ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್, ಚಕ್ರಕ್ಕೆ ಹೋಗುವ ಹಾಫ್ ಶಾಫ್ಟಿನ ಜಾಯಿಂಟ್, ಡಿಫರೆನ್ಶಿಯಲ್ ಮೌಂಟಿನ ರಬ್ಬರ್, ಇವುಗಳನ್ನು ಮೊದಲು ಕೈಯಿಂದ ಅಲ್ಲಾಡಿಸಿ ನೋಡಿ. ಇವೆಲ್ಲ ಸರಿ ಇದ್ದರೆ ಉಳಿಯುವುದು ತಿರುವಿನಲ್ಲಿ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ, ಒಳಗಿನ ಚಿಕ್ಕ ಸ್ಪೈಡರ್ ಗೇರ್‌ಗಳು. ನಿಮ್ಮದು ಓಪನ್, ಅಂದರೆ ಎಲ್‌ಎಸ್‌ಡಿ ಇಲ್ಲದ ಡಿಫರೆನ್ಶಿಯಲ್. ತೋಟದಿಂದ ಮೇಲೆ ಬರುವ ಮಣ್ಣಿನ ಏರಿನಲ್ಲಿ ಮಳೆಗಾಲದಲ್ಲಿ ಒಂದೇ ಚಕ್ರ ಜಾರಿ ಸುತ್ತುವುದು ನಿಮಗೆ ಹೊಸದಲ್ಲ. ನೇರ ರಸ್ತೆಯಲ್ಲಿ ಈ ಚಿಕ್ಕ ಗೇರ್‌ಗಳು ತಮ್ಮ ಪಿನ್ನಿನ ಮೇಲೆ ತಿರುಗುವುದೇ ಇಲ್ಲ. ಒಂದೇ ಚಕ್ರ ಜಾರಿದಾಗ ಮಾತ್ರ ಭಾರೀ ವೇಗದಲ್ಲಿ ತಿರುಗುತ್ತವೆ, ಪಿನ್ನಿನ ಆಯಿಲ್ ಪದರ ಹರಿಯುತ್ತದೆ, ಪಿನ್ ಗೀಚಿ ಸವೆಯುತ್ತದೆ. ಆ ಏರಿನಲ್ಲಿ ಒಂದು ಚಕ್ರ ಸುತ್ತತೊಡಗಿದರೆ ಆಕ್ಸಿಲರೇಟರ್ ಒತ್ತಿ ಹಟ ಹಿಡಿಯಬೇಡಿ, ಇಳಿದು ಚಕ್ರದಡಿ ಕಲ್ಲೋ ಸೋಗೆಯೋ ಹಾಕಿ.

ಆಯಿಲ್‌ನಲ್ಲಿ ಸಿಕ್ಕ ಚೂರುಗಳ ಬಗ್ಗೆ: ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ ಬೂದು ಪೇಸ್ಟ್ ಸಹಜ. ಬೆರಳಲ್ಲಿ ಉಜ್ಜಿದಾಗ ಚುಚ್ಚುವ, ಹೊಳೆಯುವ ತೆಳು ಹಾಳೆಗಳು ಸಿಕ್ಕರೆ ಬೇರಿಂಗ್ ಅಥವಾ ಹಲ್ಲಿನ ಮೇಲ್ಮೈ ಎದ್ದುಬರುತ್ತಿದೆ ಎಂದರ್ಥ. ಅಂಚು, ಮೂಲೆ ಇರುವ ತುಂಡು ಸಿಕ್ಕರೆ ಹಲ್ಲು ಮುರಿದಿದೆ, ಕಾರನ್ನು ಇನ್ನು ಓಡಿಸಬೇಡಿ. ತುಂಡು ಹಲ್ಲುಗಳ ನಡುವೆ ಸಿಕ್ಕಿ ಹಿಂದಿನ ಚಕ್ರ ಓಡುವಾಗಲೇ ಬಿಗಿದುಕೊಳ್ಳಬಹುದು.

ಇನ್ನು ಒಂದು ಆಯ್ಕೆಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ರಸ್ತೆಯಲ್ಲಿ ಮಾತ್ರ ಓಡುವ ಕಾರಿಗೆ, ಇಡೀ ಡಿಫರೆನ್ಶಿಯಲನ್ನು ಸೆಕೆಂಡ್ ಹ್ಯಾಂಡ್ ತರಿಸಿ ಕೂರಿಸುವುದು ಎಷ್ಟೋ ಸಲ ಹೆಚ್ಚು ಜಾಣತನ. ಹೊಸ ಗೇರ್ ಜೋಡಿ, ನಾಲ್ಕು ಬೇರಿಂಗ್, ಸೀಲ್, ಕೂಲಿ ಎಲ್ಲ ಕೂಡಿಸಿದರೆ ಬೆಲೆ ಹತ್ತಿರ ಹತ್ತಿರ ಬರುತ್ತದೆ, ಅಳತೆ ಹಿಡಿಯುವ ಅಪಾಯ ಉಳಿಯುತ್ತದೆ. ತರಿಸುವುದಾದರೆ 1.8ರದ್ದೇ ಬೇಕು. ಅದರ ಕ್ರೌನ್ 7 ಇಂಚಿನದು. 1.6ರ 6 ಇಂಚಿನ ಡಿಫರೆನ್ಶಿಯಲ್ ನಿಮ್ಮ ಹಾಫ್ ಶಾಫ್ಟಿಗೆ ಕೂಡುವುದಿಲ್ಲ. ಅನುಪಾತ ಬಾಯಿಮಾತಿನಲ್ಲಿ ನಂಬಬೇಡಿ. ಎರಡೂ ಔಟ್‌ಪುಟ್‌ಗಳನ್ನು ಒಟ್ಟಿಗೆ 10 ಸುತ್ತು ತಿರುಗಿಸಿದರೆ ಪಿನಿಯನ್ 41 ಸುತ್ತು ತಿರುಗಬೇಕು. ಫಿಲ್ಲರ್ ತೂತಿನಿಂದ ಟಾರ್ಚ್ ಬಿಟ್ಟು ಹಲ್ಲು ನೋಡಿ, ಬೆರಳು ಹಾಕಿ ತುಕ್ಕು ಇದೆಯೇ ಮುಟ್ಟಿ ನೋಡಿ.

ಜೋಡಿಯನ್ನೇ ಬದಲಿಸುವ ತೀರ್ಮಾನವಾದರೆ ತರಿಸಿ ಇಟ್ಟುಕೊಳ್ಳಬೇಕಾದದ್ದು: ಜೋಡಿ ಸಂಖ್ಯೆ ಹೊಂದುವ ಕ್ರೌನ್-ಪಿನಿಯನ್, ಪಿನಿಯನ್‌ನ ಎರಡು ಬೇರಿಂಗ್, ಎರಡು ಸೈಡ್ ಬೇರಿಂಗ್, ಪಿನಿಯನ್ ಸೀಲ್ ಒಂದು, ಸೈಡ್ ಸೀಲ್ ಎರಡು, ಹೊಸ ಪಿನಿಯನ್ ನಟ್, ಕ್ರೌನ್ ಬೋಲ್ಟ್‌ಗಳು, ಥ್ರೆಡ್ ಲಾಕ್, ಸ್ಪೈಡರ್ ಗೇರಿನ ಥ್ರಸ್ಟ್ ವಾಷರ್‌ಗಳು, ಬೇರೆ ಬೇರೆ ದಪ್ಪದ ನಾಲ್ಕೈದು ಪಿನಿಯನ್ ಶಿಮ್ (ಅಳತೆ ಕೂಡಿಸುವ ತೆಳು ಲೋಹದ ಬಳೆ), ಕವರ್ ಅಂಟಿಸುವ ಸಿಲಿಕಾನ್ ಗ್ಯಾಸ್ಕೆಟ್. ಕ್ರಷ್ ಸ್ಪೇಸರ್ (ಪಿನಿಯನ್ ನಟ್ ಬಿಗಿದಂತೆ ಕುಗ್ಗುವ ಲೋಹದ ಕೊಳವೆ) ಮಾತ್ರ ಎರಡು ತರಿಸಿ, ಕಾರಣ ಮುಂದೆ ಬರುತ್ತದೆ. ಬೇರಿಂಗ್‌ಗಳನ್ನು ಹಳೆಯದರ ಮೇಲಿನ ಸಂಖ್ಯೆ ನೋಡಿ ಮಂಗಳೂರಿನ ಬೇರಿಂಗ್ ಅಂಗಡಿಯಲ್ಲಿ ವಿಚಾರಿಸಬಹುದು. ಕೋಯೋ, ಎನ್‌ಟಿಎನ್, ಎನ್‌ಎಸ್‌ಕೆಯಂಥ ಕಂಪನಿಯ ಮಾಲನ್ನು ಬಿಲ್ ಸಮೇತ ಕೊಳ್ಳಿ, ಪೆಟ್ಟಿಗೆ ಮಾತ್ರ ಅಸಲಿ ಇರುವ ನಕಲಿ ಮಾಲು ಬೇಕಾದಷ್ಟಿದೆ. ಉಪಕರಣಗಳಲ್ಲಿ ಡಯಲ್ ಗೇಜ್, ಮೈಕ್ರೋಮೀಟರ್, ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ನಿಮ್ಮ ಮೆಕ್ಯಾನಿಕ್ ಅವರ ಕೈ ಅನುಭವ ನಿಜವಾದ ವಿದ್ಯೆ. ಬೇರಿಂಗ್ ಎಳೆಯುವುದು, ಕೂರಿಸುವುದು, ಹಲ್ಲಿನ ಗುರುತು ಓದುವುದು ಅವರಿಗೆ ಗೊತ್ತಿರುತ್ತದೆ. ಆದರೆ ಜೀಪಿನ ಡಿಫರೆನ್ಶಿಯಲ್ ಸಹಿಸುವ ಪ್ಲೇ ಈ ಕಾರಿನದಕ್ಕಿಂತ ಹೆಚ್ಚು. ಇಲ್ಲಿ ಬೇಕಾದ 0.1 ಮಿ.ಮೀ. ಯಾರ ಬೆರಳಿಗೂ ಸಿಗುವುದಿಲ್ಲ, ಗೇಜಿಗೆ ಮಾತ್ರ ಸಿಗುತ್ತದೆ.

ಇಳಿಸುವಾಗ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಡ್ರೈನ್. ಆಯಿಲ್ ಇಳಿಸಿದ ಮೇಲೆ ಫಿಲ್ಲರ್ ತುಕ್ಕು ಹಿಡಿದು ಬಿಚ್ಚಲು ಬರದಿದ್ದರೆ ಕಾರು ಅಲ್ಲೇ ಕೂರುತ್ತದೆ. ಕಾರನ್ನು ಜ್ಯಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಮುರಕಲ್ಲು ಪೇರಿಸಿ ಅದರ ಮೇಲೆ ನಿಲ್ಲಿಸಿ ಅಡಿಗೆ ಹೋಗಬೇಡಿ, ಒದ್ದೆಯಾದ ಮುರಕಲ್ಲು ಒಂದೇ ಕಡೆ ಭಾರ ಬಿದ್ದರೆ ಪುಡಿಯಾಗುತ್ತದೆ. ಸೈಲೆನ್ಸರ್‌ನ ಹಿಂಭಾಗ ಇಳಿಸಿ, ಪ್ರೊಪೆಲ್ಲರ್ ಶಾಫ್ಟಿನ ಫ್ಲ್ಯಾಂಜಿಗೆ (ಬೋಲ್ಟ್ ಹಾಕಿ ಜೋಡಿಸುವ ತಟ್ಟೆಗೆ) ಬಣ್ಣದ ಗುರುತು ಹಾಕಿ ಬಿಚ್ಚಿ. ಈ ಕಾರಿನ ವಿಶೇಷವೆಂದರೆ ಗೇರ್‌ಬಾಕ್ಸಿನ ಬಾಲವನ್ನೂ ಡಿಫರೆನ್ಶಿಯಲನ್ನೂ ಜೋಡಿಸುವ ಉದ್ದದ ಅಲ್ಯೂಮಿನಿಯಂ ಚೌಕಟ್ಟು. ಅದನ್ನು ಬಿಚ್ಚುವ ಮೊದಲು ಗೇರ್‌ಬಾಕ್ಸ್ ಕೆಳಗೆ ಇನ್ನೊಂದು ಜ್ಯಾಕ್ ಕೊಡಲೇಬೇಕು. ಇಲ್ಲದಿದ್ದರೆ ಗೇರ್‌ಬಾಕ್ಸ್ ಬಾಲ ಕೆಳಕ್ಕೆ ಬಾಗಿ ಎಂಜಿನ್ ಮೌಂಟ್ ಎಳೆಯುತ್ತದೆ. ಚೌಕಟ್ಟಿಗೆ ಕ್ಲಿಪ್ ಹಾಕಿದ ವೈರಿಂಗನ್ನು ಮೊದಲೇ ಬಿಡಿಸಿ. ಹಾಫ್ ಶಾಫ್ಟ್‌ಗಳನ್ನು ನೇರವಾಗಿ ಎಳೆದು ತಂತಿಯಿಂದ ಮೇಲೆ ಕಟ್ಟಿ, ನೇತಾಡಲು ಬಿಟ್ಟರೆ ಜಾಯಿಂಟ್ ಹಾಳು.

ಡಿಫರೆನ್ಶಿಯಲ್ ಮೇಜಿನ ಮೇಲೆ ಬಂದ ಕೂಡಲೇ ಬಿಚ್ಚುವ ಆತುರ ಬೇಡ. ಹಳೆಯ ಸ್ಥಿತಿಯಲ್ಲೇ ಪ್ಲೇ ಅಳೆಯಿರಿ, ಹಲ್ಲಿಗೆ ಮಾರ್ಕಿಂಗ್ ಪೇಸ್ಟ್ ಹಚ್ಚಿ ತಿರುಗಿಸಿ ಫೋಟೋ ತೆಗೆಯಿರಿ, ಪಿನಿಯನ್ ತಿರುಗಿಸಲು ಬೇಕಾದ ಬಿಗಿಯನ್ನು ಬರೆದಿಡಿ. ಬಿಗಿ ಸೊನ್ನೆಗೆ ಇಳಿದು ಪಿನಿಯನ್ ಹಿಂದೆ ಮುಂದೆ ಆಡುತ್ತಿದ್ದರೆ ಹಲ್ಲನ್ನು ಕೆಡಿಸಿದ್ದು ಬೇರಿಂಗ್ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸೈಡ್ ಬೇರಿಂಗ್ ಕ್ಯಾಪ್‌ಗಳಿಗೆ ಎಡ-ಬಲ ಪಂಚ್ ಗುರುತು ಹಾಕಿ. ಅವು ಹೌಸಿಂಗ್ ಜೊತೆ ಸೇರಿಸಿ ಕೊರೆದವು, ಅದಲು ಬದಲಾದರೆ ಹೊಸ ಬೇರಿಂಗ್ ಓರೆಯಾಗಿ ಕೂರುತ್ತದೆ. ಹೌಸಿಂಗನ್ನು ಡೀಸೆಲ್‌ನಲ್ಲಿ ತೊಳೆದು ಕಂಪ್ರೆಸರ್ ಗಾಳಿ ಹಿಡಿದು, ಬೇರಿಂಗಿಗೆ ಆಯಿಲ್ ಹೋಗುವ ಕಾಲುವೆಗಳಲ್ಲಿ ಹಳೆಯ ಲೋಹದ ಪುಡಿ ಉಳಿದಿಲ್ಲವೆಂದು ನೋಡಿ. ಹೊಸ ಬೇರಿಂಗ್ ಮೊದಲ ದಿನವೇ ಕೆಡುವುದು ಹೆಚ್ಚಾಗಿ ಈ ಪುಡಿಯಿಂದ.

ಈಗ ಕೆಲಸದ ತಿರುಳು. ನಾಲ್ಕು ಅಳತೆಗಳು ಒಂದನ್ನೊಂದು ಎಳೆಯುತ್ತವೆ: ಪಿನಿಯನ್ ಆಳ, ಪಿನಿಯನ್ ಬೇರಿಂಗ್ ಬಿಗಿ, ಪ್ಲೇ, ಹಲ್ಲಿನ ಮೇಲಿನ ಗುರುತು.

ಆಳವನ್ನು ನಿರ್ಧರಿಸುವುದು ಪಿನಿಯನ್ ತಲೆಗೂ ಅದರ ಬೇರಿಂಗಿಗೂ ನಡುವಿನ ಶಿಮ್. ದಪ್ಪ ಹೆಚ್ಚಿದರೆ ಪಿನಿಯನ್ ಕ್ರೌನಿನ ಕಡೆಗೆ ಹೋಗುತ್ತದೆ, ಕಡಿಮೆಯಾದರೆ ದೂರ ಸರಿಯುತ್ತದೆ. ಹಳೆಯ ಶಿಮ್ಮನ್ನು ಮೈಕ್ರೋಮೀಟರಿನಲ್ಲಿ ಅಳೆದು ಅದೇ ದಪ್ಪದಿಂದ ಆರಂಭಿಸಿ. ಪಿನಿಯನ್ ಮುಖದ ಮೇಲೆ ಪ್ಲಸ್-ಮೈನಸ್ ಅಂಕೆ ಇದ್ದರೆ ಅದು ಮಿ.ಮೀ.ಯ ನೂರನೇ ಒಂದು ಭಾಗದ ಲೆಕ್ಕ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದಷ್ಟು ಶಿಮ್ ಬದಲಿಸಬೇಕು. ಪ್ಲಸ್ ಎಂದರೆ ಕೂಡಿಸುವುದೋ ಕಳೆಯುವುದೋ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ, ಆದ್ದರಿಂದ ಸರ್ವಿಸ್ ಮ್ಯಾನುಯಲ್ ನೋಡದೆ ಊಹಿಸಬೇಡಿ. ಸರಿಯಾದ ಶಿಮ್ ಒಂದೇ ಸಲಕ್ಕೆ ಸಿಗುವುದು ಅಪರೂಪ, ಪ್ರತಿ ಸಲವೂ ಹೊಸ ಬೇರಿಂಗನ್ನು ಪ್ರೆಸ್ಸಿನಲ್ಲಿ ಹಾಕಿ ತೆಗೆದರೆ ಅದು ಕೆಡುತ್ತದೆ. ಅದಕ್ಕೊಂದು ಒಳ್ಳೆಯ ಉಪಾಯವಿದೆ. ಹೊಸ ಬೇರಿಂಗಿನಂಥದ್ದೇ ಇನ್ನೊಂದನ್ನು ತಂದು, ಅದರ ಒಳರಂಧ್ರವನ್ನು ಲೇಥ್ ಶಾಪಿನಲ್ಲಿ 0.02ರಿಂದ 0.03 ಮಿ.ಮೀ. ಹೋನ್ ಮಾಡಿಸಿದರೆ (ಉಜ್ಜಿ ಹಿಗ್ಗಿಸಿದರೆ) ಪಿನಿಯನ್ ಮೇಲೆ ಕೈಯಿಂದಲೇ ಜಾರಿಸಿ ಹಾಕಿ ತೆಗೆಯಬಹುದು. ಶಿಮ್ ಪರೀಕ್ಷೆಯೆಲ್ಲ ಅದರಲ್ಲಿ ಮುಗಿಸಿ, ಕೊನೆಗೊಮ್ಮೆ ಹೊಸದನ್ನು ಒತ್ತಿ ಕೂರಿಸಿ.

ಈ ಪರೀಕ್ಷೆಯ ಹಂತದಲ್ಲಿ ಕ್ರಷ್ ಸ್ಪೇಸರ್ ಹಾಕಬೇಡಿ. ಸ್ಪೇಸರ್ ಇಲ್ಲದೆ ನಟ್ಟನ್ನು ಮೆಲ್ಲಗೆ, ಬೇರಿಂಗ್‌ನ ಬಿಗಿ ಬರುವಷ್ಟೇ ತಿರುಗಿಸಿದರೆ ಸಾಕು. ಕ್ರೌನನ್ನು ಕೇಸಿಗೆ (ಸ್ಪೈಡರ್ ಗೇರ್‌ಗಳಿರುವ ಗೂಡಿಗೆ) ಕೂರಿಸುವ ಮುಖದಲ್ಲಿ ಒಂದು ಗೀರು ಎದ್ದಿದ್ದರೂ ಆಯಿಲ್ ಕಲ್ಲಿನಿಂದ ಉಜ್ಜಿ ತೆಗೆಯಿರಿ. ಬೋಲ್ಟ್‌ಗಳನ್ನು ಎದುರುಬದುರಾಗಿ, ಎರಡು ಮೂರು ಹಂತದಲ್ಲಿ ಬಿಗಿಯಿರಿ. ಕ್ರೌನಿನ ಬೆನ್ನಿಗೆ ಡಯಲ್ ಗೇಜ್ ಇಟ್ಟು ಸುತ್ತಿಸಿದಾಗ 0.05 ಮಿ.ಮೀ.ಗಿಂತ ಹೆಚ್ಚು ಓಲಾಟ ಇದ್ದರೆ ಅಡಿಯಲ್ಲಿ ಏನೋ ಕಸ ಸಿಕ್ಕಿದೆ, ಇಲ್ಲವೆ ಕೇಸೇ ಬಾಗಿದೆ.

ಪ್ಲೇ, ಅಂದರೆ ಬ್ಯಾಕ್‌ಲ್ಯಾಶ್, ಇದರಲ್ಲಿ 0.09ರಿಂದ 0.11 ಮಿ.ಮೀ. ಗೇಜಿನ ಕಡ್ಡಿ ಹಲ್ಲಿನ ಹೊರತುದಿಯಲ್ಲಿ, ಹಲ್ಲಿನ ಮುಖಕ್ಕೆ ನೇರ ಲಂಬವಾಗಿ ತಾಗಬೇಕು, ಓರೆಯಾದರೆ ಓದು ಸುಳ್ಳು ಹೇಳುತ್ತದೆ. ಕ್ರೌನಿನ ಸುತ್ತ ನಾಲ್ಕು ಕಡೆ ಅಳೆಯಿರಿ. ಸರಿಪಡಿಸುವುದು ಎರಡೂ ಪಕ್ಕದ ಅಡ್ಜಸ್ಟಿಂಗ್ ರಿಂಗ್‌ಗಳಿಂದ: ಒಂದು ಕಡೆ ಒಂದು ಕಚ್ಚು ಸಡಿಲಿಸಿದರೆ ಇನ್ನೊಂದು ಕಡೆ ಒಂದು ಕಚ್ಚು ಬಿಗಿಯಬೇಕು. ಆಗ ಕ್ರೌನ್ ಸರಿಯುತ್ತದೆ, ಸೈಡ್ ಬೇರಿಂಗ್ ಬಿಗಿ ಕದಲುವುದಿಲ್ಲ.

ಆಮೇಲೆ ಪೇಸ್ಟ್. ಆರೆಂಟು ಹಲ್ಲುಗಳ ಎರಡೂ ಮುಖಕ್ಕೆ ತೆಳುವಾಗಿ ಹಚ್ಚಿ, ಕ್ರೌನನ್ನು ಬಟ್ಟೆಯಿಂದ ಹಿಡಿದು ತಡೆ ಕೊಡುತ್ತ ಪಿನಿಯನ್ ಎರಡೂ ದಿಕ್ಕಿಗೆ ತಿರುಗಿಸಿ. ತಡೆ ಇಲ್ಲದೆ ತಿರುಗಿಸಿದ ಗುರುತನ್ನು ನಂಬುವಂತಿಲ್ಲ. ಗುರುತು ಹಲ್ಲಿನ ತುದಿಗೂ ಬುಡಕ್ಕೂ ನಡುವೆ, ಉದ್ದದಲ್ಲೂ ನಡುಭಾಗದಿಂದ ತುಸು ಒಳತುದಿಯ ಕಡೆಗೆ ಇದ್ದರೆ ಚೆನ್ನು. ಕ್ರೌನ್ ಹಲ್ಲಿನ ಮೇಲ್ತುದಿಗೆ ಏರಿದ್ದರೆ ಪಿನಿಯನ್ ದೂರ ಇದೆ, ಶಿಮ್ ದಪ್ಪ ಮಾಡಿ. ಬುಡಕ್ಕೆ ಇಳಿದಿದ್ದರೆ ತೀರಾ ಹತ್ತಿರ ಇದೆ, ತೆಳು ಮಾಡಿ. ಎರಡೂ ಮುಖದಲ್ಲಿ ಒಳತುದಿಗೇ ಸೇರಿಕೊಂಡರೆ ಪ್ಲೇ ಕಡಿಮೆ, ಹೊರತುದಿಗೆ ಸರಿದರೆ ಹೆಚ್ಚು. ಮೊದಲ ತಿದ್ದುಪಡಿ 0.05 ಮಿ.ಮೀ. ಇರಲಿ, ಹತ್ತಿರ ಬಂದಂತೆ 0.02, 0.03. ಶಿಮ್ ಬದಲಿಸಿದಾಗಲೆಲ್ಲ ಪ್ಲೇ ಕೂಡ ಬದಲಾಗುತ್ತದೆ, ಅದನ್ನು ಮತ್ತೆ ಕೂಡಿಸಿಯೇ ಗುರುತು ನೋಡಬೇಕು. ಹೆಚ್ಚಿನವರು ಬೇಸತ್ತು ‘ಸಾಕು ಬಿಡಿ’ ಎನ್ನುವುದು ಇಲ್ಲಿ. ಪ್ಲೇ ಸರಿಯಿದ್ದು ಗುರುತು ತಪ್ಪಿದ್ದರೆ ಡಿಫರೆನ್ಶಿಯಲ್ ಹೊಸ ಗೇರಿನಲ್ಲೂ ಕೂಗುತ್ತದೆ. ದಯವಿಟ್ಟು ಇನ್ನೊಂದು ಸಲ ಬಿಚ್ಚಿ.

ಗುರುತು ಒಪ್ಪಿದ ಮೇಲೆ ಹೊಸ ಬೇರಿಂಗ್, ಹೊಸ ಕ್ರಷ್ ಸ್ಪೇಸರ್, ಸೀಲ್, ಹೊಸ ನಟ್ ಹಾಕಿ ಅಂತಿಮ ಬಿಗಿ. ಸ್ಪೇಸರ್ ಕುಗ್ಗಲು ತುಂಬ ಬಲ ಬೇಕು. ಈ ನಟ್ಟಿಗೆ ಹೇಳಿರುವ ಟಾರ್ಕ್ ಸುಮಾರು 130ರಿಂದ 280 ನ್ಯೂಟನ್-ಮೀಟರ್. ಅಷ್ಟು ಅಗಲದ ಮಿತಿ ಕೊಟ್ಟಿರುವುದರ ಅರ್ಥ, ನಟ್ಟಿನ ಟಾರ್ಕ್ ಇಲ್ಲಿ ಗುರಿಯಲ್ಲ, ಪಿನಿಯನ್ ತಿರುಗಿಸಲು ಬೇಕಾದ ಬಿಗಿಯೇ ಗುರಿ. ಹೊಸ ಬೇರಿಂಗಿಗೆ ಅದು ಸುಮಾರು 13ರಿಂದ 18 ಕೆ.ಜಿ.-ಸೆಂ.ಮೀ. ಬರಬೇಕು, ನಿಮ್ಮ ಮಾದರಿ ವರ್ಷದ ಮ್ಯಾನುಯಲ್‌ನಲ್ಲಿ ನೋಡಿ ಒಪ್ಪಿಸಿಕೊಳ್ಳಿ. ಇಷ್ಟು ಸಣ್ಣ ಟಾರ್ಕ್ ಅಳೆಯುವ ರೆಂಚ್ ಸಿಗದಿದ್ದರೆ ಫ್ಲ್ಯಾಂಜಿಗೆ ದಾರ ಸುತ್ತಿ ನೇತುಹಾಕುವ ತಕ್ಕಡಿಯಿಂದ ಎಳೆಯಿರಿ. ದಾರ ಮಧ್ಯದಿಂದ 5 ಸೆಂ.ಮೀ. ದೂರದಲ್ಲಿದ್ದರೆ 2.6ರಿಂದ 3.6 ಕೆ.ಜಿ. ತೋರಿಸಬೇಕು. ಮೊದಲು ಕದಲುವಾಗಿನ ಓದನ್ನು ಬಿಟ್ಟು, ತಿರುಗುತ್ತಿರುವಾಗಿನ ಓದನ್ನು ಹಿಡಿಯಿರಿ. ಸ್ಪೇಸರ್ ಕುಗ್ಗತೊಡಗಿದ ಮೇಲೆ ನಟ್ಟನ್ನು 5 ಡಿಗ್ರಿಯಷ್ಟೇ ತಿರುಗಿಸಿ, ಪಿನಿಯನ್ ಹತ್ತು ಸುತ್ತು ಸುತ್ತಿಸಿ, ಅಳೆಯಿರಿ, ಮತ್ತೆ 5 ಡಿಗ್ರಿ. ಬಿಗಿ ಹೆಚ್ಚಾಗಿಬಿಟ್ಟರೆ ನಟ್ ಸಡಿಲಿಸಿ ಸರಿಪಡಿಸುವಂತಿಲ್ಲ. ಕುಗ್ಗಿದ ಸ್ಪೇಸರ್ ಮತ್ತೆ ಉದ್ದವಾಗುವುದಿಲ್ಲ, ಸಡಿಲಿಸಿದ ನಟ್ ಓಡುತ್ತ ಓಡುತ್ತ ಇನ್ನಷ್ಟು ಸಡಿಲುತ್ತದೆ. ಎರಡನೇ ಸ್ಪೇಸರ್ ತರಿಸಲು ಹೇಳಿದ್ದು ಇದಕ್ಕಾಗಿ. ಇಂಪ್ಯಾಕ್ಟ್ ಗನ್ ಈ ಹಂತದಲ್ಲಿ ಮುಟ್ಟಲೇಬಾರದು. ಸೀಲ್ ಕೂರಿಸುವಾಗ ತುಟಿಗೆ ಗ್ರೀಸ್ ಸವರಿ, ಫ್ಲ್ಯಾಂಜಿನಲ್ಲಿ ಹಳೆಯ ಸೀಲ್ ಕೊರೆದ ಗೆರೆ ಉಗುರಿಗೆ ಸಿಕ್ಕುವಷ್ಟು ಆಳವಿದ್ದರೆ ಫ್ಲ್ಯಾಂಜನ್ನೂ ಬದಲಿಸಿ.

ಕೂರಿಸುವುದು ಇಳಿಸಿದ್ದರ ಉಲ್ಟಾ ಕ್ರಮ, ವಿಶೇಷವೇನಿಲ್ಲ. ಅಲ್ಯೂಮಿನಿಯಂ ಚೌಕಟ್ಟಿನ ಬೋಲ್ಟ್ ಬಿಗಿಯುವಾಗ ಮಾತ್ರ ಗೇರ್‌ಬಾಕ್ಸನ್ನು ಮೊದಲಿನ ಎತ್ತರದಲ್ಲೇ ಹಿಡಿಯಿರಿ. ಎತ್ತರ ತಪ್ಪಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ತಪ್ಪಿ ಹೊಸದೊಂದು ನಡುಕ ಶುರುವಾಗುತ್ತದೆ, ಅದನ್ನು ಹೊಸ ಗೇರಿನ ತಪ್ಪೆಂದು ತಿಳಿಯುವವರು ಬಹಳ.

ಆಯಿಲ್ ಜಿಎಲ್-5 ದರ್ಜೆಯದೇ ಆಗಬೇಕು. ನಮ್ಮ ಸೆಖೆಯ ಊರಿಗೆ 90 ಅಥವಾ 75ಡಬ್ಲ್ಯೂ-90 ಸರಿ. ಕ್ರೌನ್-ಪಿನಿಯನ್‌ನ ಓರೆ (ಹೈಪಾಯ್ಡ್) ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡ ತಾಳುವ ರಾಸಾಯನಿಕ ಜಿಎಲ್-4ರಲ್ಲಿ ಸಾಕಷ್ಟು ಇರುವುದಿಲ್ಲ. ಅಂಗಡಿಯಲ್ಲಿ ‘ತೊಂಬತ್ತರ ಆಯಿಲ್’ ಎಂದು ಕೇಳಿದರೆ ಯಾವುದು ಸಿಗುತ್ತದೋ ಹೇಳಲಾಗದು, ಡಬ್ಬಿಯ ಮೇಲೆ ಓದಿ ತನ್ನಿ. ಸಮತಟ್ಟು ನೆಲದಲ್ಲಿ ಫಿಲ್ಲರ್ ತೂತಿನ ಅಂಚಿಗೆ ಬರುವಷ್ಟು, ಸುಮಾರು 1 ಲೀಟರ್ ಹಿಡಿಯುತ್ತದೆ. ಎಲ್‌ಎಸ್‌ಡಿಯ ಫ್ರಿಕ್ಷನ್ ಮಾಡಿಫೈಯರ್ ನಿಮ್ಮದಕ್ಕೆ ಬೇಡ. ಸದ್ದು ಕಡಿಮೆ ಮಾಡುವುದಾಗಿ ಹೇಳುವ ದಪ್ಪ ದ್ರವಗಳನ್ನೂ ಹಾಕಬೇಡಿ, ಅವು ಕಾಯಿಲೆಯ ಲಕ್ಷಣ ಮುಚ್ಚುತ್ತವೆ ಅಷ್ಟೆ. ಬ್ರೀದರ್ ಶುಚಿ ಮಾಡಿ, ಆಯಿಲ್ ತಾಳುವ ರಬ್ಬರ್ ಪೈಪ್ ಜೋಡಿಸಿ ಅದರ ಬಾಯನ್ನು ಬಾಡಿಯ ಎತ್ತರದ ಜಾಗಕ್ಕೆ ಒಯ್ದು ಕೆಳಮುಖವಾಗಿ ಕಟ್ಟಿ. ಖರ್ಚು ಅತ್ಯಲ್ಪ, ನಿಮ್ಮ ಊರಿನ ಮಳೆಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಕಾರು ನೀರಿಗಿಳಿದ ವಾರದಲ್ಲೇ ಫಿಲ್ಲರ್ ಬಿಚ್ಚಿ ಬೆರಳು ಅದ್ದಿ ಬಣ್ಣ ನೋಡುವುದನ್ನು ರೂಢಿ ಮಾಡಿಕೊಳ್ಳಿ.

4.3ರ ಮಾತು. 1.8ರ 7 ಇಂಚಿನ ಹೌಸಿಂಗಿಗೇ ಹೊಂದುವ 4.3 ಜೋಡಿ ಇದೆ, 43 ಹಲ್ಲಿಗೆ 10. ಚಕ್ರದ ಎಳೆತ ಸುಮಾರು 5 ಶೇಕಡಾ ಹೆಚ್ಚುತ್ತದೆ. ಐದನೇ ಗೇರಿನಲ್ಲಿ 100 ಕಿ.ಮೀ.ಗೆ ಈಗ ಸುಮಾರು 3,100 ಇರುವ ಆರ್‌ಪಿಎಂ 3,250ರ ಹತ್ತಿರ ಹೋಗುತ್ತದೆ. ಸ್ಪೀಡೋಮೀಟರಿನ ಕೇಬಲ್ ಗೇರ್‌ಬಾಕ್ಸಿನಿಂದ ಬರುವುದರಿಂದ ನಿಜವಾದ 100ಕ್ಕೆ ಅದು 105ರಷ್ಟು ತೋರಿಸುತ್ತದೆ. ಅಡ್ಕಸ್ಥಳದ ಕಡೆಯ ಏರು-ತಿರುವಿನಲ್ಲಿ ಕಾರು ಚುರುಕೆನಿಸುವುದು ನಿಜ, ಆದರೆ ಮಂಗಳೂರಿಗೆ ಹೆದ್ದಾರಿಯಲ್ಲಿ ಆಗಾಗ ಹೋಗುವವರಾದರೆ 4.1 ಉಳಿಸಿಕೊಳ್ಳಿ. ಎಳೆತಕ್ಕಿಂತ ನಿಮಗೆ ಕೊರತೆಯಿರುವುದು ಹಿಡಿತದಲ್ಲಿ. ಆ ಹಣವನ್ನು ಟಾರ್ಸೆನ್ (ಗೇರ್‌ಗಳಿಂದಲೇ ಕೆಲಸ ಮಾಡುವ) ಎಲ್‌ಎಸ್‌ಡಿ ಇರುವ ಡಿಫರೆನ್ಶಿಯಲ್ ಹುಡುಕಲು ಇಟ್ಟರೆ ತೋಟದ ಏರಿನಲ್ಲಿ ಹೆಚ್ಚು ಉಪಯೋಗ, ಅದನ್ನು ಕೊಳ್ಳುವಾಗ ಹೊಂದುವ ಹಾಫ್ ಶಾಫ್ಟ್ ಜೊತೆಗೇ ಕೇಳಿ ತೆಗೆದುಕೊಳ್ಳಿ.

ಹೊಸ ಜೋಡಿ ಹಾಕಿದ ಮೇಲೆ ಮೊದಲ ಓಟ 15-20 ಕಿ.ಮೀ. ಮಾತ್ರ, ನಿಧಾನವಾಗಿ, ಆಕ್ಸಿಲರೇಟರ್ ಅರ್ಧಕ್ಕಿಂತ ಕೆಳಗೆ. ನಿಲ್ಲಿಸಿ ಪೂರ್ತಿ ತಣಿಯಲು ಬಿಡಿ. ಹೀಗೆ ಎರಡು ಮೂರು ಸಲ. ಹೊಸ ಹಲ್ಲುಗಳು ಪರಸ್ಪರ ಉಜ್ಜಿಕೊಳ್ಳುವಾಗ ಹುಟ್ಟುವ ಬಿಸಿ ಮೇಲ್ಮೈಯ ಗಡಸುತನವನ್ನೇ ಕೆಡಿಸಬಲ್ಲದು, ಅದಕ್ಕೆ ಈ ಬಿಡುವು. ಮೊದಲ ಓಟದ ನಂತರ ಹೌಸಿಂಗಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. 80-90 ಡಿಗ್ರಿವರೆಗೆ ಚಿಂತೆಯಿಲ್ಲ. 120 ದಾಟಿದರೆ ಬೇರಿಂಗ್ ಬಿಗಿ ಹೆಚ್ಚಾಗಿದೆ, ಪಿನಿಯನ್ ಕಡೆ ಬಿಸಿಯೋ ಸೈಡ್ ಬೇರಿಂಗ್ ಕಡೆಯೋ ಎಂದು ಥರ್ಮಾಮೀಟರ್ ಹಿಡಿದು ನೋಡಿದರೆ ಯಾವುದೆಂದೂ ತಿಳಿಯುತ್ತದೆ. 500 ಕಿ.ಮೀ. ತನಕ ದೀರ್ಘ ವೇಗದ ಓಟ ಬೇಡ. ಆಮೇಲೆ ಆಯಿಲ್ ಇಳಿಸಿ ಹೊಸದು ಹಾಕಿ. ಆ ಸಲ ಅಯಸ್ಕಾಂತದ ಮೇಲೆ ಬೂದು ಪೇಸ್ಟ್ ದಪ್ಪವಾಗಿಯೇ ಇರುತ್ತದೆ, ಹೆದರಬೇಡಿ. ಹೊಳೆಯುವ ಹಾಳೆ ಸಿಕ್ಕರೆ ಮಾತ್ರ ಕವರ್ ತೆಗೆದು ಹಲ್ಲಿನ ಗುರುತು ಮತ್ತೊಮ್ಮೆ ನೋಡಿ.